ಪಿಟೀಲು, ಸ್ಯಾಕ್ಸೊಫೋನು ಮತ್ತು ನಮ್ಮ ಜಾಝ್ ಪಾಠ

ಕರ್ನಾಟಕ ಸಂಗೀತದಲ್ಲಿ ಕಲ್ಪನಾಸ್ವರ ಹಾಕಲು ಬರುವವರಿಗೆ ಜಾಝ್ ಸಲೀಸು ಎಂದು ಸಂಗೀತ ಬಲ್ಲವರೇ ಹೇಳುತ್ತಾರೆ. ಅಲ್ಲೂ ಮನೋಧರ್ಮ, ಇಲ್ಲೂ ಮನೋಧರ್ಮ. ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದು ಎರಡು ಕಡೆಯೂ ಇದೆ, ಇನ್ನೇನು ಕಷ್ಟ ಎಂಬುದು ಅವರ ವಾದ. ನಾನೂ ನನ್ನ ತಮ್ಮನೂ ಮೈಸೂರಿನಿಂದ ಬೆಂಗಳೂರಿಗೆ ಓಡಾಡಿಕೊಂಡು ಕೆಲವು ವರ್ಷ ಜಾಝ್ ಕಲಿತವರು. ಇವತ್ತು ಅವನು ಸ್ಯಾಕ್ಸೊಫೋನ್ ನುಡಿಸಿಯೇ ಸಂಸಾರ ನಡೆಸುತ್ತಾನೆ. ನಾನು ಆಸ್ಪತ್ರೆಯೊಂದರಲ್ಲಿ ಶ್ರವಣತಜ್ಞೆ. ಸಲೀಸು ಎಂಬ ಮಾತನ್ನು ನಾವಿಬ್ಬರೂ ಒಪ್ಪುವುದಿಲ್ಲ. ಕರ್ನಾಟಕ ಸಂಗೀತ ಕಲಿತ ಕಿವಿಗೆ ಜಾಝ್ ಎಲ್ಲಿ ಎಡವಿಸುತ್ತದೆ, ಎಲ್ಲಿ ಕೈಹಿಡಿಯುತ್ತದೆ, ಒಂದೇ ಪಾಠ ಇಬ್ಬರನ್ನು ಎರಡು ಕಡೆಗೆ ಹೇಗೆ ಕರೆದೊಯ್ಯಿತು ಎನ್ನುವುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ತಂದೆ ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿದ್ದರು. ಅರಮನೆಯ ಕಾಲದಿಂದ ಬಂದ ಆ ಬ್ಯಾಂಡಿನಲ್ಲಿ ಕರ್ನಾಟಕ ವಾದ್ಯವೃಂದ ಬೇರೆ, ಇಂಗ್ಲಿಷ್ ಬ್ಯಾಂಡ್ ಬೇರೆ. ಅಪ್ಪ ಇಂಗ್ಲಿಷ್ ಬ್ಯಾಂಡಿನ ಕ್ಲಾರಿನೆಟ್ ವಾದಕರು. ಹಾಗಾಗಿ ಸ್ಟಾಫ್ ನೊಟೇಶನ್ ಹಾಳೆಗಳೂ ತ್ಯಾಗರಾಜರ ಕೃತಿಗಳ ಪುಸ್ತಕವೂ ಮನೆಯ ಒಂದೇ ಗೂಡಿನಲ್ಲಿ ಇರುತ್ತಿದ್ದವು. ನನ್ನನ್ನು ಚಿಕ್ಕಂದಿನಲ್ಲೇ ಪಿಟೀಲಿಗೆ ಹಾಕಿದರು. ಪಿಟೀಲು ಚೌಡಯ್ಯನವರ ಊರಲ್ಲಿ ಅದೇನು ವಿಶೇಷವಲ್ಲ. ತಮ್ಮನಿಗೆ ಕದ್ರಿ ಗೋಪಾಲನಾಥರ ಹುಚ್ಚು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಅವರು ನಾಗಸ್ವರದಿಂದ ಅದರ ಕಡೆಗೆ ತಿರುಗಿದ್ದು ಎಂಬುದನ್ನು ಅಪ್ಪ ಮನೆಯಲ್ಲಿ ಅಭಿಮಾನದಿಂದ ಹೇಳುತ್ತಿದ್ದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ಗೋಪಾಲನಾಥರು ವೇದಿಕೆ ಏರಿದ ಸಂಗತಿಯೂ ಅಪ್ಪನ ಬಾಯಿಂದಲೇ ಕೇಳಿದ್ದು. ಜಾಝ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಹಾಗೆ. ಅಪ್ಪನ ಪರಿಚಯದವರ ಮೂಲಕವೇ ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿದ್ದ ಹಿರಿಯ ಪಿಯಾನೊ ವಾದಕರೊಬ್ಬರ ವಿಳಾಸ ಸಿಕ್ಕಿತು. ಹೋಟೆಲು, ಕ್ಲಬ್ಬುಗಳ ಬ್ಯಾಂಡುಗಳಲ್ಲಿ ಆಯುಷ್ಯ ಕಳೆದವರು. ಎದುರಿಗೆ ಅವರನ್ನು ಸರ್ ಎನ್ನುತ್ತಿದ್ದೆವು, ನಾವು ನಾವೇ ಮಾತಾಡುವಾಗ ಮೇಷ್ಟ್ರು.

ಮೊದಲ ದಿನ ನನಗೆ ಏನಾದರೂ ನುಡಿಸು ಎಂದರು. ಮೋಹನ ರಾಗದಲ್ಲಿ ಒಂದಿಷ್ಟು ಆಲಾಪನೆ, ಸ್ವರ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪಿಯಾನೊ ಮುಂದೆ ಕೂತು, "ಗಾಂಧಾರ ಒಂದನ್ನೇ ಹಿಡಿದುಕೋ, ಬಿಡಬೇಡ" ಅಂದರು. ನನ್ನ ಷಡ್ಜವನ್ನು ಪಿಯಾನೊದ ಸಿ ಮನೆಗೆ ಶ್ರುತಿ ಮಾಡಿಸಿದ್ದರು. ನಾನು ಬಿಲ್ಲು ಎಳೆಯುತ್ತ ಗಾಂಧಾರ ಹಿಡಿದೆ. ಅವರು ಕೆಳಗೆ ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒತ್ತಿದರು. ಅದು ನಾನು ಬಲ್ಲ ಅಂತರ ಗಾಂಧಾರವೇ. ಎ ಮೈನರ್ ಒತ್ತಿದರು. ನನ್ನ ಅದೇ ಸ್ವರ ಪಂಚಮದ ಹಾಗೆ ನೆಟ್ಟಗೆ ನಿಂತಿತು. ಎಫ್ ಮೇಜರ್ ಒತ್ತಿದರು. ಮೇಲಿನ ಷಡ್ಜಕ್ಕೆ ತುಡಿಯುವ ಕಾಕಲಿ ನಿಷಾದವಾಯಿತು. ಡಿ ಮೈನರ್ ಬಂದಾಗ ಎಲ್ಲೋ ತೇಲುತ್ತಿರುವ ರಿಷಭ. ನನ್ನ ಬೆರಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ. "ನೀನು ನುಡಿಸಿದ್ದು ಬದಲಾಗಲಿಲ್ಲ, ಕೆಳಗಿನ ನೆಲ ಬದಲಾಯಿತು. ಕೇಳಿಸ್ತಾ?" ಎಂದರು. ಕೇಳಿಸಿತ್ತು. ನನ್ನ ಮಟ್ಟಿಗೆ ಪಾಠ ಶುರುವಾದದ್ದು ಅಲ್ಲಿ.

ನಮ್ಮ ಸಂಗೀತದಲ್ಲಿ ತಂಬೂರಿ ಒಂದು ಸಲ ನುಡಿಯಲು ಶುರುವಾದರೆ ಕಛೇರಿ ಮುಗಿಯುವವರೆಗೆ ಷಡ್ಜ ಅಲ್ಲೇ ಇರುತ್ತದೆ. ಅದರ ಮೇಲೆ ಎಷ್ಟು ಬೇಕಾದರೂ ವಿಸ್ತರಿಸಬಹುದು. ರಾಗದ ಚೌಕಟ್ಟಿನೊಳಗೆ ಗಂಟೆಗಟ್ಟಲೆ ಅಲೆದರೂ ಮನೆಗೆ ಬರುವ ದಾರಿ ಒಂದೇ. ಜಾಝ್‌ನಲ್ಲಿ ಆ ನೆಲವೇ ಬಾರಿನಿಂದ ಬಾರಿಗೆ, ಕೆಲವೊಮ್ಮೆ ಎರಡೆರಡು ಏಟಿಗೆ ಬದಲಾಗುತ್ತದೆ. ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಏಟಿನ ಒಂದು ಅಳತೆ. ನಾವು ಒಂದು ರಾಗದ ಆಳಕ್ಕಿಳಿಯುವುದನ್ನು ಕಲಿತವರು. ಅವರು ಕಾಲಕೆಳಗಿನ ಬದಲಾವಣೆಯನ್ನು ಮುಂಚೆಯೇ ಗ್ರಹಿಸಿ ಸರಿಯಾದ ಕಡೆ ಹೆಜ್ಜೆಯಿಡುವುದನ್ನು ಕಲಿಯುತ್ತಾರೆ. ಕಲ್ಪನಾಸ್ವರದ ಅಭ್ಯಾಸ ಬೆರಳಿಗೆ ಧೈರ್ಯ ಕೊಡುತ್ತದೆ ನಿಜ. ಕಿವಿ ಮಾತ್ರ ಹೊಸದಾಗಿಯೇ ಪಳಗಬೇಕು.

ಅದಕ್ಕೆ ಮೇಷ್ಟ್ರು ಹಾಕಿಕೊಟ್ಟ ದಾರಿ ಇವತ್ತಿಗೂ ನನಗೆ ಬಹಳ ಸುಂದರವಾಗಿ ಕಾಣುತ್ತದೆ. ಜಾಝ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸರಣಿಯಿದೆ: ಟೂ–ಫೈವ್–ಒನ್. ಸಿ ಶ್ರುತಿಯಲ್ಲಿ ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಒಂದೊಂದರಲ್ಲೂ ನಾಲ್ಕು ಸ್ವರ. ಮೇಷ್ಟ್ರು ಅವುಗಳಲ್ಲಿ ಎರಡನ್ನು ಮಾತ್ರ, ಕಾರ್ಡಿನ ಮೂಲ ಸ್ವರದಿಂದ ಎಣಿಸಿದರೆ ಮೂರನೆಯದನ್ನೂ ಏಳನೆಯದನ್ನೂ, ಇಟ್ಟುಕೊಳ್ಳಲು ಹೇಳಿದರು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಕಾರ್ಡಿಗೆ ಮಧ್ಯಮ ಮತ್ತು ತಾರ ಷಡ್ಜ. ಎರಡನೆಯದಕ್ಕೆ ಮಧ್ಯಮ ಅಲ್ಲೇ ಇರುತ್ತದೆ, ಷಡ್ಜ ಅರ್ಧ ಸ್ವರ ಜಾರಿ ನಿಷಾದವಾಗುತ್ತದೆ. ಮೂರನೆಯದಕ್ಕೆ ನಿಷಾದ ನಿಲ್ಲುತ್ತದೆ, ಮಧ್ಯಮ ಗಾಂಧಾರಕ್ಕೆ ಇಳಿಯುತ್ತದೆ. ಒಂದು ನಿಂತಾಗ ಇನ್ನೊಂದರ ನಡೆ. ಇಷ್ಟೇ. ಆದರೆ ಈ ಎರಡು ಎಳೆ ಹಿಡಿದರೆ ಪಿಯಾನೊ ಇಲ್ಲದೆಯೂ ಹಾಡಿನ ಹಾದಿ ಕೇಳಿಸುತ್ತದೆ. ತಿಂಗಳುಗಟ್ಟಲೆ ನಮಗೆ ವಾದ್ಯ ಮುಟ್ಟಲು ಬಿಡದೆ ಇದನ್ನು ಹಾಡಿಸಿದರು. ಭಾನುವಾರ ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರೆ ಮಂಡ್ಯ, ಮದ್ದೂರು ದಾಟುವವರೆಗೂ ತಮ್ಮ ಮೇಲಿನ ಎಳೆ ಹಾಡುತ್ತಿದ್ದ, ನಾನು ಕೆಳಗಿನದು. ರಾಮನಗರ ಬಂದಮೇಲೆ ಅದಲುಬದಲು. ಪಕ್ಕದವರು ಯಾವ ಹಾಡು ಎಂದು ಕೇಳುವರು. ಅದು ಯಾವ ಹಾಡೂ ಆಗಿರಲಿಲ್ಲ.

ಆಮೇಲೆ ವಾದ್ಯದ ತೊಂದರೆ. ನನ್ನ ಪಿಟೀಲಿನ ತಂತಿಗಳು ಸ–ಪ–ಸ–ಪ ಶ್ರುತಿಯಲ್ಲಿರುತ್ತಿದ್ದವು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಬಲಗಾಲ ಹರಡಿಗೆ ಆನಿಸಿ ನುಡಿಸುವುದು ನಮ್ಮ ಕ್ರಮ. ಹಾಗೆ ಕೂತರೆ ಎಡಗೈಗೆ ವಾದ್ಯದ ಭಾರವಿಲ್ಲ, ಬೆರಳು ಎಣ್ಣೆ ಹಚ್ಚಿದಂತೆ ಜಾರುತ್ತದೆ, ಸ್ವರವನ್ನು ತೂಗಿ ಜಾರಿಸುವ ಗಮಕ ತಾನಾಗಿ ಬರುತ್ತದೆ. ಜಾಝ್‌ನಲ್ಲಿ ಒಂದು ಹಾಡು ಬಿ ಫ್ಲ್ಯಾಟಿನಲ್ಲಿದ್ದರೆ ಮುಂದಿನದು ಎಫ್‌ನಲ್ಲಿ, ಅದರ ಮುಂದಿನದು ಇ ಫ್ಲ್ಯಾಟಿನಲ್ಲಿ. ಅದೂ ಸಾಲದೆಂದು ಹಾಡಿನ ನಟ್ಟನಡುವೆಯೇ ಷಡ್ಜ ಬದಲಾಗುವುದುಂಟು. ಪ್ರತಿ ಸಲ ಬಿರಡೆ ತಿರುಗಿಸುತ್ತ ಕೂರಲಾಗುವುದಿಲ್ಲ. ಅಪ್ಪ ನನಗೆ ಇನ್ನೊಂದು ಪಿಟೀಲು ಕೊಡಿಸಿ ಅದನ್ನು ಪಾಶ್ಚಾತ್ಯ ಕ್ರಮದಲ್ಲಿ ಜಿ–ಡಿ–ಎ–ಇ ಶ್ರುತಿಗೆ ಕಟ್ಟಿದರು. ಕೂರುವ ಕ್ರಮವನ್ನು ಮಾತ್ರ ನಾನು ಬಿಡಲಿಲ್ಲ. ಮೇಷ್ಟ್ರ ಮನೆಯ ದಿವಾನದ ಮೇಲೆ ಕಾಲು ಮಡಚಿ ಕೂತೇ ಹನ್ನೆರಡು ಶ್ರುತಿಗಳಲ್ಲೂ ಸಾಧಕ ಮಾಡಿದೆ. ತಮ್ಮನದು ಬೇರೆ ಕಥೆ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಬರೆದ ಸ್ವರವೇ ಒಂದು, ಹೊರಡುವ ಸ್ವರವೇ ಇನ್ನೊಂದು. ಮೇಷ್ಟ್ರು ಬಿ ಫ್ಲ್ಯಾಟ್ ಎಂದರೆ ಅವನ ಬೆರಳು ಜಿ ಹಿಡಿಯಬೇಕು. ಇಬ್ಬರ ಲೆಕ್ಕ ತಾಳೆಯಾಗಲೆಂದು ನಾವು ಸರಿಗಮದಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅದೇ ನಮ್ಮ ದೊಡ್ಡ ಅನುಕೂಲವಾಯಿತು: ಷಡ್ಜ ಎಲ್ಲಿಗೆ ಬೇಕಾದರೂ ಹೋಗಲಿ, ಸರಿಗಮ ಅದರ ಹಿಂದೆಯೇ ಬರುತ್ತದೆ.

ಗಮಕದ ವಿಷಯದಲ್ಲಿ ಮೇಷ್ಟ್ರು ಕಟ್ಟುನಿಟ್ಟು. ಶಂಕರಾಭರಣದಲ್ಲಿ ನಾವು ನಿಷಾದವನ್ನು ಷಡ್ಜದ ಕಡೆ ಎಳೆದು ತೂಗುತ್ತೇವೆ. ತಂಬೂರಿಯ ಮೇಲೆ ಅದು ಜೀವ. ಕೆಳಗೆ ಮೇಜರ್ ಸೆವೆನ್ ಕಾರ್ಡಿನ ಒಳಗೇ ನಿಷಾದ ನೆಟ್ಟಗೆ ನಿಂತಿರುವಾಗ ಮೇಲೆ ನನ್ನ ನಿಷಾದ ಷಡ್ಜದವರೆಗೆ ಹೋಗಿ ಬಂದರೆ ಎರಡೂ ತಿಕ್ಕಾಡುತ್ತವೆ. "ಆ ಸ್ವರವನ್ನು ಅಲ್ಲಾಡಿಸಬೇಡ, ಅದು ಈಗಾಗಲೇ ಕೆಲಸದಲ್ಲಿದೆ" ಎನ್ನುವರು. ಹಾಗೆಂದು ಜಾರುವಿಕೆಯೇ ಬೇಡವೆಂದಲ್ಲ. ಜಾಝ್‌ನ ಬೇರುಗಳಲ್ಲೊಂದಾದ ಬ್ಲೂಸ್‌ನಲ್ಲಿ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಒಂದು ಜಾಗವಿದೆ, ಅಲ್ಲಿಗೆ ಪಿಯಾನೊ ತಲುಪಲಾರದು. ನಾನು ಮೊದಲ ಬಾರಿಗೆ ಅಲ್ಲಿ ಬೆರಳಿಟ್ಟಾಗ ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿ ಇನ್ನೊಮ್ಮೆ ಎಂದರು. ನಮ್ಮ ಕಡೆಯ ಆಸ್ತಿ ಅವರಿಗೆ ಬೇಕಾಗಿದ್ದ ಜಾಗ ಅದು.

ಕೈಹಿಡಿದ ಇನ್ನೊಂದು ಸಂಗತಿ ಮೋಡಲ್ ಜಾಝ್, ಕಾರ್ಡುಗಳಿಗಿಂತ ಸ್ವರಶ್ರೇಣಿಯನ್ನು ನೆಚ್ಚುವ ಬಗೆ. ತುತ್ತೂರಿ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ಕೈಂಡ್ ಆಫ್ ಬ್ಲೂ ಆಲ್ಬಮ್ಮಿನಲ್ಲಿ ಮೊದಲು ಬರುವುದು ಸೋ ವಾಟ್. ಅದಕ್ಕೆ ಕಾರ್ಡುಗಳ ಓಟವಿಲ್ಲ. ಹದಿನಾರು ಬಾರ್ ಡಿ ಡೋರಿಯನ್, ಎಂಟು ಬಾರ್ ಇ ಫ್ಲ್ಯಾಟ್ ಡೋರಿಯನ್, ಮತ್ತೆ ಎಂಟು ಬಾರ್ ಡಿ ಡೋರಿಯನ್, ಒಟ್ಟು 32. ಡೋರಿಯನ್ ಎಂದರೆ ಸ್ವರಸ್ಥಾನಗಳ ಮಟ್ಟಿಗೆ ನಮ್ಮ ಖರಹರಪ್ರಿಯವೇ. ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಲಿಡಿಯನ್ ಮೇಚಕಲ್ಯಾಣಿ, ಹಾರ್ಮೊನಿಕ್ ಮೈನರ್ ಕೀರವಾಣಿ, ಮೆಲಾಡಿಕ್ ಮೈನರ್ ಗೌರಿಮನೋಹರಿ. ಬೇರೆಯವರು ವರ್ಷವೆಲ್ಲ ಬಾಯಿಪಾಠ ಮಾಡುವ ಈ ಶ್ರೇಣಿಗಳು 72 ಮೇಳಕರ್ತ ಗೊತ್ತಿದ್ದ ನಮಗೆ ಹಳೆಯ ನೆಂಟರು. ಆದರೂ ಸೋ ವಾಟ್‌ನ ಹದಿನೇಳನೆಯ ಬಾರಿನಲ್ಲಿ, ತಂಬೂರಿಯನ್ನೇ ಯಾರೋ ಅರ್ಧ ಸ್ವರ ಮೇಲಕ್ಕೆ ಎತ್ತಿಟ್ಟ ಹಾಗೆ, ಖರಹರಪ್ರಿಯ ಇದ್ದಂತೆಯೇ ಪಕ್ಕಕ್ಕೆ ಸರಿಯುತ್ತದೆ. ಗ್ರಹಭೇದ ಮಾಡುವಾಗ ನಾವು ಸ್ವರಗಳನ್ನು ಅಲ್ಲೇ ಬಿಟ್ಟು ಆಧಾರ ಬದಲಿಸುತ್ತೇವೆ, ರಾಗ ಬದಲಾಗುತ್ತದೆ. ಇಲ್ಲಿ ರಾಗ ಅದೇ, ಇಡೀ ರಾಗಕ್ಕೆ ರಾಗವೇ ಹೊಸ ಷಡ್ಜದ ಮೇಲೆ ಕೂರುತ್ತದೆ. ತಮ್ಮ ಆ ಜಾಗವನ್ನು ಲೀಲಾಜಾಲವಾಗಿ ದಾಟುತ್ತಿದ್ದ. ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು; ದಾಟಿದ ಮೇಲೂ ಹಿಂದೆ ಬಿಟ್ಟ ಷಡ್ಜ ಕಿವಿಯಲ್ಲಿ ಉಳಿದಿರುತ್ತಿತ್ತು. ನಮ್ಮಿಬ್ಬರ ಸ್ವಭಾವದ ಅಂತರ ನನಗೆ ಮೊದಲು ಗೊತ್ತಾದದ್ದು ಈ ಹಾಡಿನಲ್ಲಿ.

ಲಯದಲ್ಲಿ ಮೇಷ್ಟ್ರು ಹೇಳಿದ್ದು ಒಂದೇ: ಲಯ ತೋರಿಸುವ ಯಂತ್ರ ಮೆಟ್ರೊನೋಮ್ ಎರಡನೆಯ ಮತ್ತು ನಾಲ್ಕನೆಯ ಏಟಿನಲ್ಲಿ ಬಡಿಯಬೇಕು. ಆದಿತಾಳದ ಮೊದಲ ಘಾತಕ್ಕೆ ತೊಡೆ ತಟ್ಟಿ ಬೆಳೆದ ಕೈಗೆ ಅದು ಉಲ್ಟಾ. ಹನ್ನೆರಡು ಬಾರಿನ ಬ್ಲೂಸ್ ಎಂದರೆ 48 ಏಟು. ಎಂಟೆಂಟು ಏಟಿನ ಆದಿತಾಳದ ಆರು ಆವರ್ತಕ್ಕೆ ಸಮ. ನಾವು ಮೊದಮೊದಲು ಆರು ಆವರ್ತದ ಲೆಕ್ಕದಲ್ಲೇ ಬ್ಲೂಸ್ ನುಡಿಸಿ, ಕೊನೆಗೆ ಮುಕ್ತಾಯದ ಲಯವಿನ್ಯಾಸವಾದ ಕೋರ್ವೆ ಕಟ್ಟಿ ಸಮಕ್ಕೆ ಬಂದು ಇಳಿಯುತ್ತಿದ್ದೆವು. ಲೆಕ್ಕ ಸರಿ ಇರುತ್ತಿತ್ತು, ನಡೆ ಮಾತ್ರ ಕುಣಿಯುತ್ತಿರಲಿಲ್ಲ. ಆಗ ಮೇಷ್ಟ್ರು ಒಂದು ರೆಕಾರ್ಡು ಹಾಕಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಬೆಂಗಳೂರಿನದೇ ಆದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ 1983ರಲ್ಲಿ ತಂದದ್ದು. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಕಂಠ. ಅಲ್ಲಿ ಯಾರೂ ಯಾರ ಅನುಕರಣೆಯನ್ನೂ ಮಾಡುವುದಿಲ್ಲ. ರಮಾಮಣಿಯವರು ತಮ್ಮ ಸ್ವರಗಳನ್ನೇ ಹಾಡುತ್ತಾರೆ, ಮಾರಿಯಾನೊ ತಮ್ಮದನ್ನೇ ಊದುತ್ತಾರೆ. ಆದರೆ ಒಬ್ಬರು ಉಸಿರು ತೆಗೆದುಕೊಳ್ಳುವ ಜಾಗ ಇನ್ನೊಬ್ಬರಿಗೆ ಗೊತ್ತಿರುತ್ತದೆ. ನಮ್ಮ ಊರಿನವರು ಇಷ್ಟು ಮುಂಚೆಯೇ ಈ ಹಾದಿ ತುಳಿದಿದ್ದಾರೆಂದು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ದೊಡ್ಡ ವಾದಕರ ಸೋಲೊಗಳನ್ನು ಕಿವಿಯಿಂದಲೇ ಇಳಿಸಿಕೊಳ್ಳುವುದು ಈ ವಿದ್ಯೆಯ ಬೆನ್ನೆಲುಬು. ಮೇಷ್ಟ್ರ ಬಳಿ ಹಳೆಯ ಸ್ಪೂಲ್ ಟೇಪ್ ಯಂತ್ರವಿತ್ತು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಮುದ್ರಿಸಿದ್ದನ್ನು ಮೂರೂಮುಕ್ಕಾಲು ಇಂಚಿನಲ್ಲಿ ಹಾಕಿದರೆ ವೇಗ ಅರ್ಧವಾಗುತ್ತದೆ, ಸ್ಥಾಯಿಯೂ ಸರಿಯಾಗಿ ಒಂದು ಕೆಳಗಿಳಿಯುತ್ತದೆ. ತುತ್ತೂರಿ ಆಗ ಮಂದ್ರದಲ್ಲಿ ಗೊಗ್ಗರಾಗಿ ಮಾತಾಡುತ್ತದೆ, ಆದರೆ ಪ್ರತಿ ಸ್ವರದ ಹುಟ್ಟೂ ಸಾವೂ ಕೇಳುತ್ತದೆ. ಸೋ ವಾಟ್‌ನಲ್ಲಿ ಮೈಲ್ಸ್ ನುಡಿಸುವ ಎರಡು ಸುತ್ತಿನ ಸೋಲೊ ನಮಗೆ ಕೊಟ್ಟ ಮೊದಲ ಕೆಲಸ. ಮೊದಲು ಬಾಯಲ್ಲಿ ಹಾಡಬೇಕು. ಉಸಿರೆಳೆಯುವ ಜಾಗ ಸಮೇತ ಹಾಡಲು ಬಂದಮೇಲೆ ವಾದ್ಯ. ಕಾಗದದ ಮೇಲೆ ಬರೆಯುವುದು ಕಟ್ಟಕಡೆಗೆ. ಇದು ಗುರುಮುಖೇನ ಪಾಠಾಂತರ ಕಲಿಯುವುದಕ್ಕೆ ಬಹಳ ಹತ್ತಿರ, ಹಾಗಾಗಿ ನಾವು ಬೇಗ ಹೊಂದಿಕೊಂಡೆವು. ತಮ್ಮ ಸ್ವರಗಳನ್ನು ಬೇಗ ಹಿಡಿಯುತ್ತಿದ್ದ. ನಾನು ಟೇಪನ್ನು ಹಿಂದೆ ಮುಂದೆ ಓಡಿಸಿ, ಮೈಲ್ಸ್ ಸುಮ್ಮನಿರುವ ಜಾಗಗಳಲ್ಲಿ ಪಿಯಾನೊ ಏನು ಮಾಡುತ್ತಿದೆ, ಡ್ರಮ್ಮು ಏನು ಮಾಡುತ್ತಿದೆ ಎಂದು ಕೇಳುತ್ತ ಕೂರುತ್ತಿದ್ದೆ. "ಅಕ್ಕ, ಅವನು ನುಡಿಸಿದ್ದನ್ನು ಕಲಿಯೇ, ನುಡಿಸದೇ ಇದ್ದದ್ದನ್ನು ಕಟ್ಟಿಕೊಂಡು ಏನು ಮಾಡ್ತೀಯ?" ಎನ್ನುತ್ತಿದ್ದ.

ಮೇಷ್ಟ್ರು ಇದನ್ನು ಗಮನಿಸಿದ್ದರು. ಒಂದು ಮಧ್ಯಾಹ್ನ ಜೋನ್ಸ್ ಸಹೋದರರ ಕಥೆ ಹೇಳಿದರು. ಹ್ಯಾಂಕ್, ಥ್ಯಾಡ್, ಎಲ್ವಿನ್; ಅಮೆರಿಕದ ಮಿಶಿಗನ್ನಿನ ಪಾಂಟಿಯಾಕ್‌ನಲ್ಲಿ ಒಂದೇ ಮನೆಯಲ್ಲಿ ಬೆಳೆದ ಮೂವರು. ಹ್ಯಾಂಕ್ ಪಿಯಾನೊ ವಾದಕ, ಯಾರ ಹಿಂದೆ ಕೂತರೂ ಅವರನ್ನು ಚೆನ್ನಾಗಿ ಕೇಳಿಸುವಂತೆ ಮಾಡುವ ಜಾಣ. 1962ರಲ್ಲಿ ಮರ್ಲಿನ್ ಮನ್ರೊ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದಾಗ ಪಿಯಾನೊದಲ್ಲಿದ್ದದ್ದು ಅವನೇ. ಥ್ಯಾಡ್ ತುತ್ತೂರಿ ನುಡಿಸುತ್ತಲೇ ದೊಡ್ಡ ಬ್ಯಾಂಡುಗಳಿಗೆ ಸಂಗೀತ ಬರೆಯುವವನಾದ. ಡ್ರಮ್ ವಾದಕ ಮೆಲ್ ಲೂಯಿಸ್ ಜೊತೆ ಅವನು ಕಟ್ಟಿದ ತಂಡ 1966ರಿಂದ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಸೋಮವಾರ ಸೋಮವಾರ ನುಡಿಸಿತು. ಕಿರಿಯ ಎಲ್ವಿನ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ನಾಲ್ವರ ತಂಡದಲ್ಲಿ ಡ್ರಮ್ಮಿಗೆ ಹೊಸ ಭಾಷೆಯನ್ನೇ ಕೊಟ್ಟ. "ಒಂದೇ ಮನೆಯ ಅಡುಗೆ ಉಂಡವರು, ಮೂವರ ಕಿವಿ ಮೂರು ಕಡೆ. ನಿಮ್ಮಿಬ್ಬರದೂ ಹಾಗೇ ಇರಲಿ" ಎಂದರು. ಆಗ ಅದು ಬರೀ ಕಥೆಯ ಹಾಗೆ ಕೇಳಿಸಿತ್ತು.

ನಾವಿಬ್ಬರೂ ಜೊತೆಯಾಗಿ ಜನರ ಮುಂದೆ ನುಡಿಸಿದ್ದು ಕಂಟೋನ್ಮೆಂಟಿನ ಒಂದು ಸಭಾಂಗಣದಲ್ಲಿ, ಮೇಷ್ಟ್ರ ಹಳೆಯ ಸಂಗಡಿಗರು ಸೇರಿದ್ದ ಸಂಜೆ. ಬಿ ಫ್ಲ್ಯಾಟ್ ಬ್ಲೂಸ್. ಪಿಯಾನೊ ಪಕ್ಕದಲ್ಲಿ ಹಾಸಿದ್ದ ಜಮಖಾನದ ಮೇಲೆ ನಾನು, ನನ್ನ ಎಡಕ್ಕೆ ನಿಂತು ತಮ್ಮ. ಎಲ್ಲರ ಸೋಲೊ ಮುಗಿದ ಮೇಲೆ ಟ್ರೇಡಿಂಗ್ ಫೋರ್ಸ್ ಬರುತ್ತದೆ: ನಾಲ್ಕು ಬಾರ್ ಒಬ್ಬರು, ಮುಂದಿನ ನಾಲ್ಕು ಬಾರ್ ಇನ್ನೊಬ್ಬರು. ತಮ್ಮ ತನ್ನ ನಾಲ್ಕರ ಕೊನೆಯಲ್ಲಿ ಒಂದು ಸಂಚಾರವನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ತಕ್ಷಣ ಶುರು ಮಾಡಲಿಲ್ಲ. ಒಂದು ಬಾರ್ ಪೂರ್ತಿ ಬಿಟ್ಟೆ. ಡ್ರಮ್ಮಿನವರ ಸಿಂಬಲ್ ಮಾತ್ರ ನಡೆಯುತ್ತಿತ್ತು. ಆಮೇಲೆ ಅವನು ಬಿಟ್ಟ ಸ್ವರದಿಂದಲೇ ಎತ್ತಿಕೊಂಡು ಅವನ ವಾಕ್ಯ ಮುಗಿಸಿದೆ. ಸಭೆಯಲ್ಲಿದ್ದ ಒಬ್ಬ ಹಿರಿಯರು ನಮ್ಮ ಕಡೆಯ ಕಛೇರಿಯಲ್ಲಿ ಹೇಳುವ ಹಾಗೆಯೇ "ಆಹಾ" ಎಂದರು. ಸುಮ್ಮನೆ ಕಾಯುವುದೂ ಉತ್ತರದ ಒಂದು ಭಾಗ ಎನ್ನುವುದು ಆ ಸಂಜೆ ನನ್ನ ಮೈಗೆ ಹತ್ತಿತು. ಮುಂದೆ ನನ್ನ ವೃತ್ತಿ ನಿಂತದ್ದೇ ಅದರ ಮೇಲೆ.

ದಾರಿ ಬೇರೆಯಾದದ್ದು ಜಗಳದಿಂದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪಿಯುಸಿ ಆದಮೇಲೆ ನನಗೆ ಅಲ್ಲಿ ಸೀಟು ಸಿಕ್ಕಿತು. ಅಮ್ಮ ನಿರಾಳವಾದಳು. ತಮ್ಮ ಡಿಗ್ರಿ ಮುಗಿಸಿ ಬೆಂಗಳೂರಿನ ಹೋಟೆಲುಗಳ ಬ್ಯಾಂಡುಗಳಲ್ಲಿ ನುಡಿಸಲು ಶುರು ಮಾಡಿದ, ಆಮೇಲೆ ಪ್ರವಾಸಿ ಹಡಗಿನಲ್ಲಿ ಕೆಲಸ ಹಿಡಿದ. ಹಡಗಿನಲ್ಲಿ ಸ್ವಂತ ಕಲ್ಪನೆಗೆ ಜಾಗ ಕಡಿಮೆ. ಸಂಜೆ ಕೊಟ್ಟ ಹಾಳೆಯನ್ನು ರಾತ್ರಿ ತಪ್ಪಿಲ್ಲದೆ ನುಡಿಸಬೇಕು. ಅಪ್ಪನ ಬ್ಯಾಂಡಿನ ಹಾಳೆಗಳನ್ನು ಓದಿ ಬೆಳೆದದ್ದು ಅಲ್ಲಿ ಅವನನ್ನು ಉಳಿಸಿತು. ಒಬ್ಬ ಏಜೆಂಟ್ ಸಂಬಳ ಕೊಡದೆ ಸತಾಯಿಸಿದ, ಅದರ ಕಹಿ ಬಹುಕಾಲ ಇತ್ತು. ವಾಪಸು ಬಂದು ಸ್ಟುಡಿಯೊಗಳಲ್ಲಿ ಸಿನಿಮಾ ಹಾಡುಗಳಿಗೆ ಊದಿದ, ಮದುವೆ ಆರತಕ್ಷತೆಗಳಲ್ಲಿ ನುಡಿಸಿದ, ಮಕ್ಕಳಿಗೆ ಪಾಠ ಹೇಳಿದ. ಈಗ ಅವನದೇ ನಾಲ್ವರ ತಂಡವಿದೆ. ವಾರಾಂತ್ಯ ಎಲ್ಲೋ ಒಂದು ಕಡೆ ನುಡಿಸುತ್ತಿರುತ್ತಾನೆ. ಬಾಡಿಗೆ, ಮಗಳ ಶಾಲೆಯ ಫೀಸು ಎಲ್ಲವೂ ಆ ಹಿತ್ತಾಳೆಯ ವಾದ್ಯದಿಂದಲೇ ಬರುತ್ತದೆ. ಅದು ಸಣ್ಣ ಸಾಧನೆಯಲ್ಲ. ಅದಕ್ಕೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆ ಎಂಬುದನ್ನು ನಾನು ನೋಡಿದ್ದೇನೆ.

ನನ್ನ ಬಗ್ಗೆ ನೆಂಟರು ಆಡಿದ ಮಾತು: "ಅಷ್ಟು ವರ್ಷ ಕಲಿತು ಎಲ್ಲ ಬಿಟ್ಟುಬಿಟ್ಟಳಲ್ಲ." ಈ ಮಾತು ನನಗೆ ನೋವು ಕೊಟ್ಟಿದೆ, ಈಗಲೂ ಕೊಡುತ್ತದೆ. ವೇದಿಕೆಯ ಮೇಲೆ ಕಾಣದಿದ್ದರೆ ಕಲಿತದ್ದು ವ್ಯರ್ಥವಾಯಿತು ಎಂದು ನಾವು ಯಾಕೆ ತೀರ್ಮಾನಿಸುತ್ತೇವೆ? ನಮ್ಮಲ್ಲೇ ಒಂದು ಉದಾಹರಣೆ ಇದೆ. ವಿ. ಲಕ್ಷ್ಮೀನಾರಾಯಣ ಅವರು ತಮ್ಮ ಮೂವರು ಗಂಡುಮಕ್ಕಳಿಗೆ ಪಿಟೀಲು ಕಲಿಸಿದರು. ಹಿರಿಯ ಎಲ್. ವೈದ್ಯನಾಥನ್ ಸಿನಿಮಾ, ಕಿರುತೆರೆಗೆ ಸಂಗೀತ ಕೊಟ್ಟರು. ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್‌ನ ಆ ಧಾಟಿ ಅವರದು. ಎಲ್. ಸುಬ್ರಹ್ಮಣ್ಯಂ ವೈದ್ಯ ಪದವಿ ಪಡೆದವರು, ಆದರೆ ಪಿಟೀಲನ್ನೇ ಬದುಕಾಗಿಸಿಕೊಂಡು ಸ್ಟೆಫಾನ್ ಗ್ರಾಪೆಲ್ಲಿಯಂಥ ಜಾಝ್ ಪಿಟೀಲುಗಾರರ ಜೊತೆ ನುಡಿಸಿದರು. ಎಲ್. ಶಂಕರ್ ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆಗೂಡಿ ಶಕ್ತಿ ತಂಡದಲ್ಲಿದ್ದರು. ಆ ಮೂವರು ಸಹೋದರರೂ ಸಂಗೀತದಲ್ಲೇ ಉಳಿದವರು, ಅವರ ಎತ್ತರ ಬೇರೆ. ಆದರೂ ಮನೆಯೊಂದರ ಪಾಠ ಮಕ್ಕಳಲ್ಲಿ ಎಷ್ಟು ಬಗೆಯಾಗಿ ಕವಲೊಡೆಯಬಹುದು ಎಂಬುದಕ್ಕೆ ನನಗೆ ಮೊದಲು ನೆನಪಾಗುವುದು ಅವರ ಮನೆ.

ನನ್ನ ಕೆಲಸದ ಒಂದು ಗಂಟೆಯನ್ನು ಹೇಳುತ್ತೇನೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಅಳವಡಿಸುವ ಶ್ರವಣಸಾಧನ) ಹಾಕಿದ ಮೇಲೆ ಶಬ್ದ ಒಳಗೆ ಹೋಗುತ್ತದೆ, ಆದರೆ ಅದು ಶಬ್ದ ಎಂದು ಮಿದುಳು ಕಲಿಯಬೇಕು. ಆರೋಗ್ಯವಂತ ಒಳಗಿವಿಯಲ್ಲಿ ಸಾವಿರಾರು ಕೇಶಕೋಶಗಳು ಮಾಡುವ ಕೆಲಸವನ್ನು ಇಲ್ಲಿ ಕೈಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟಲ್ಲದಿದ್ದರೂ ಬಲು ಕೆಲವೇ ಎಲೆಕ್ಟ್ರೋಡುಗಳು ಮಾಡುತ್ತವೆ. ಹಾಗಾಗಿ ರಾಗದ ಏರಿಳಿತ ಆ ಮಕ್ಕಳಿಗೆ ಮಸುಕು. ಲಯ ಮಾತ್ರ ಸ್ಪಷ್ಟ. ನಾನು ಮೇಜಿನ ಮೇಲೆ ನಾಲ್ಕು ಏಟು ತಟ್ಟುತ್ತೇನೆ: ತ ಕ ದಿ ಮಿ. ನಿಲ್ಲಿಸುತ್ತೇನೆ. ಪಕ್ಕದಲ್ಲಿರುವ ತಾಯಿಗೆ ಆ ಮೌನ ತಡೆಯುವುದಿಲ್ಲ; "ಹೊಡಿ ಕಂದ, ಹೊಡಿ" ಎನ್ನಲು ಹೊರಡುತ್ತಾರೆ. ನಾನು ಕೈಸನ್ನೆಯಿಂದ ತಡೆಯುತ್ತೇನೆ. ಮಗು ನನ್ನ ಕೈ ನೋಡುತ್ತದೆ, ಮುಖ ನೋಡುತ್ತದೆ, ಆಮೇಲೆ ಎರಡೇ ಏಟು ತಟ್ಟುತ್ತದೆ. ಆ ಎರಡನ್ನೇ ನಾನು ತಿರುಗಿ ತಟ್ಟಿ ಇನ್ನೆರಡು ಸೇರಿಸುತ್ತೇನೆ. ಈಗ ಅದು ನಗುತ್ತದೆ, ನಾಲ್ಕೂ ತಟ್ಟುತ್ತದೆ. ಸರದಿ ಕಾಯುವುದು, ಎದುರಿಗಿದ್ದವರು ಕೊಟ್ಟದ್ದರಿಂದಲೇ ಮುಂದಿನದನ್ನು ಕಟ್ಟುವುದು, ಇದು ವಾಕ್ ಚಿಕಿತ್ಸೆಯ ಪಠ್ಯದಲ್ಲೂ ಇದೆ. ನನಗೆ ಮಾತ್ರ ಅದು ಪಠ್ಯಕ್ಕೆ ಮುಂಚೆಯೇ ರಿಚರ್ಡ್ಸ್ ಟೌನಿನ ಆ ಮನೆಯಲ್ಲಿ ಬಂದಿತ್ತು.

ಕೆಲವು ವರ್ಷಗಳ ಹಿಂದೆ ತಮ್ಮನನ್ನು ಒತ್ತಾಯ ಮಾಡಿ ಪರೀಕ್ಷೆಯ ಕೋಣೆಯಲ್ಲಿ ಕೂರಿಸಿದೆ. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಅವನು ಮಾತಿನ ನಡುವೆ ಹೇಳಿದ್ದ. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೊಡುತ್ತ ಹೋದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ (X) ಗುರುತು; ಡೆಸಿಬಲ್ ಸಂಖ್ಯೆ ಹೆಚ್ಚಿದಷ್ಟೂ ಗುರುತು ಕೆಳಗೆ, ಕೇಳುವುದು ಕಡಿಮೆ. ಬಲಗಿವಿ ಪೂರ್ತಿ ಚೆನ್ನಾಗಿತ್ತು. ಎಡಗಿವಿಯ ಗೆರೆ 10–15 ಡೆಸಿಬಲ್ಲಿನಲ್ಲಿ ಸಮವಾಗಿ ಬರುತ್ತಿದ್ದದ್ದು 4000 ಹರ್ಟ್ಸ್‌ನಲ್ಲಿ 30ಕ್ಕೆ ಕುಸಿದು 8000ದಲ್ಲಿ ಮತ್ತೆ ಮೇಲೇರಿತು. ದೊಡ್ಡ ಸದ್ದಿನಲ್ಲಿ ಬದುಕುವವರ ಕಿವಿಯ ಗುರುತು ಅದು. ಅವನ ತಂಡದಲ್ಲಿ ಡ್ರಮ್ಮು, ಸಿಂಬಲ್ಲು ಎಡಕ್ಕೇ ಇರುವುದು. ಯಂತ್ರದ ಮುಂದೆ ಕೂತಿದ್ದ ನನಗೆ ಎದೆ ಧಸಕ್ಕೆಂದಿತು. ನಾವಿಬ್ಬರೂ ಅಷ್ಟು ಕಷ್ಟಪಟ್ಟು ಪಳಗಿಸಿದ ಕಿವಿ ಅದು. ಅವನಿಗೆ ಲೆಕ್ಕ ಹೇಳಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ಸತ್ತ ಕೇಶಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

"ಹತ್ತಿ ಇಟ್ಟುಕೊಂಡರೆ ಆಗಲ್ವಾ ಅಕ್ಕ?" ಎಂದ. ಹತ್ತಿಯಿಂದ ಏನೂ ಪ್ರಯೋಜನವಿಲ್ಲ. ಮಾಮೂಲಿ ಸ್ಪಂಜಿನ ಬಿರಡೆ ತಾರಸ್ಥಾಯಿಯ ಸದ್ದನ್ನೇ ಹೆಚ್ಚು ನುಂಗುತ್ತದೆ, ಸಂಗೀತ ಕಂಬಳಿ ಹೊದ್ದಂತೆ ಕೇಳುತ್ತದೆ, ಹಾಗಾಗಿ ವಾದಕರು ಕಿತ್ತು ಬಿಸಾಡುತ್ತಾರೆ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ವಾದಕರಿಗೆಂದೇ ಮಾಡಿದ ಬಿರಡೆಗಳಿವೆ. ಅವನ ಕಿವಿಯ ಅಚ್ಚು ತೆಗೆದು ಅಂಥದ್ದು ಮಾಡಿಸಿಕೊಟ್ಟೆ. ಡ್ರಮ್ಮಿನ ಜಾಗವನ್ನು ಬಲಕ್ಕೂ ಎಡಕ್ಕೂ ಬದಲಿಸುತ್ತಿರಲು ಹೇಳಿದೆ. ಮೊದಲು ಒಂದಿಷ್ಟು ಗೊಣಗಿದ, ತನ್ನದೇ ಸ್ಯಾಕ್ಸೊಫೋನಿನ ಸದ್ದು ತಲೆಯೊಳಗೆ ಮೊಳಗುತ್ತದೆ ಎಂದ. ಆಮೇಲೆ ಒಗ್ಗಿತು. ಕಳೆದ ಸಲ ನೋಡಿದಾಗ ಗೆರೆ ಇನ್ನೂ ಕೆಳಗಿಳಿದಿರಲಿಲ್ಲ. ಈಗ ಅವನ ಶಿಷ್ಯರೆಲ್ಲ ವರ್ಷಕ್ಕೊಮ್ಮೆ ಮೈಸೂರಿಗೆ ಬಂದು ನನ್ನ ಕೋಣೆಯಲ್ಲಿ ಕೂತು ಹೋಗುತ್ತಾರೆ. ವಾದ್ಯ ಕಲಿಸುವ ಎಲ್ಲರೂ ಹೀಗೆ ಕಳಿಸಬೇಕು ಎಂದು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಪಾಠದ ಕ್ರಮದ ಬಗ್ಗೆ ನಮ್ಮಿಬ್ಬರ ವಾದ ಮಾತ್ರ ನಿಂತಿಲ್ಲ. ಕರ್ನಾಟಕ ಸಂಗೀತ ಗೊತ್ತಿರುವ ಮಗುವೊಂದು ಜಾಝ್ ಕಲಿಯಲು ಬಂದರೆ ಎಲ್ಲಿಂದ ಶುರು ಮಾಡಬೇಕು? ತಮ್ಮ ಬ್ಲೂಸ್‌ನಿಂದ ಎನ್ನುತ್ತಾನೆ: ಶುದ್ಧ ಧನ್ಯಾಸಿಯ ಐದು ಸ್ವರ ಕೈಯಲ್ಲಿದ್ದರೆ ಮಗು ಅದೇ ದಿನ ಬ್ಯಾಂಡಿನ ಜೊತೆ ನುಡಿಸಬಹುದು, ರುಚಿ ಹತ್ತುತ್ತದೆ, ಉಳಿದದ್ದು ಹಿಂದೆಯೇ ಬರುತ್ತದೆ. ನಾನು ಆ ಎರಡು ಎಳೆಗಳಿಂದ ಎನ್ನುತ್ತೇನೆ: ಮಧ್ಯಮ ನಿಂತಿರುವಾಗ ಷಡ್ಜ ನಿಷಾದಕ್ಕೆ ಜಾರುವುದನ್ನು ಮಗು ಮೊದಲು ಕೇಳಲಿ, ಹಾಡಲಿ, ನೆಲ ಬದಲಾಗುವುದು ಕೇಳಿಸದ ಹೊರತು ಬೆರಳು ಓಡಿಸಿ ಪ್ರಯೋಜನವಿಲ್ಲ. ಅವನ ಮಗಳು ಈ ವರ್ಷ ವಯಲಿನ್ ಹಿಡಿದಿದ್ದಾಳೆ. ಶನಿವಾರ ಅವನ ಹತ್ತಿರ ಬ್ಲೂಸ್, ರಜೆಗೆ ಮೈಸೂರಿಗೆ ಬಂದಾಗ ನನ್ನ ಹತ್ತಿರ ಎರಡು ಎಳೆ ಎಂದು ಸದ್ಯಕ್ಕೆ ಒಪ್ಪಂದವಾಗಿದೆ.